ದಾಕ್ಷಿಣ್ಯಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ

ಚಿನಕುರಳಿಯ ಮರಿಸ್ವಾಮಿಗೆ ‘ಬೇಡ’ ಅನ್ನುವ ಮಾತು ಬಾಯಿಗೆ ಬರುತ್ತಿರಲಿಲ್ಲ. ಹಾಗಂತ ಮೂಗನೇನಲ್ಲ, ಬೇರೆ ಮಾತೆಲ್ಲ ಧಾರಾಳವಾಗಿ ಆಡುತ್ತಿದ್ದ. ಎದುರಿಗೆ ಒಬ್ಬ ಮನುಷ್ಯ ನಿಂತು, ಮುಖ ನೋಡಿ, ಏನಾದರೂ ಕೇಳಿಬಿಟ್ಟರೆ ಮಾತ್ರ ಮುಗಿಯಿತು, ಗಂಟಲಿಗೆ ಏನೋ ಅಡ್ಡ ಬರುತ್ತಿತ್ತು. ಬಸ್ಸಿನಲ್ಲಿ ಊದುಬತ್ತಿ ಮಾರುವವನು ತೊಡೆಯ ಮೇಲೊಂದು ಪೊಟ್ಟಣ ಇಟ್ಟುಹೋದರೆ ಹಿಂದಕ್ಕೆ ಕೊಡಲಾರದೆ ಕೊಂಡುಬಿಡುವನು. ಅವನ ಮನೆಯ ಗೋಡೆಗೂಡಿನ ದೇವರು ಕಂಡಷ್ಟು ಬಗೆಯ ಊದುಬತ್ತಿಯನ್ನು ಮೇಲುಕೋಟೆಯ ದೇವರೂ ಕಂಡಿರಲಿಕ್ಕಿಲ್ಲ. ಮದುವೆ ಮನೆಯಲ್ಲಿ ಉಂಡು ಕೈತೊಳೆದು ಬರುತ್ತಿರುವಾಗ ಯಾರಾದರೂ “ಬನ್ನಿ, ಕುಂತ್ಕಳಿ” ಅಂದರೆ ಮತ್ತೆ ಇನ್ನೊಂದು ಎಲೆಯ ಮುಂದೆ ಕೂರುವನು.

ಅವನ ಹೆಂಡತಿ ಪಾರ್ವತಮ್ಮ ಇದನ್ನು ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. “ನನ್ನ ಮದ್ವೆ ಆಗಿದ್ದೂ ಅಂಗೇಯ ಕಣವ್ವ. ಇವ್ನು ಬಂದಿದ್ದು ಗಂಡಿನ ಜೊತೇಲಿ, ಸುಮ್ಕೆ. ಆ ಗಂಡು ನನ್ನ ನೋಡಿ ಒಲ್ಲೆ ಅಂದ. ನಮ್ಮಪ್ಪ ಇವ್ನ ಮಖ ನೋಡ್ತು. ಇವ್ನು ಊ ಅಂದ್ಬುಟ್ಟ.” ಹೀಗೆ ಆದ ಮದುವೆ ಚೆನ್ನಾಗಿಯೇ ನಡೆದಿತ್ತು. ದಾಕ್ಷಿಣ್ಯದಿಂದ ಅವನಿಗಾದ ಲಾಭವೆಂದರೆ ಅದೊಂದೇ.

ಇಂಥ ಮನುಷ್ಯನನ್ನು ತಂದು ಗೇಟಿಗೆ ನಿಲ್ಲಿಸಿದ್ದರು ನೋಡಿ. ಚಿನಕುರಳಿಯ ಸುತ್ತ ಕಲ್ಲುಗಣಿಗಳು ಹೆಚ್ಚಿದ ಕಾಲದಲ್ಲಿ ಬೊಂಬಾಯಿಯ ಒಂದು ಕಂಪನಿ ಅಲ್ಲಿ ಗ್ರಾನೈಟ್ ಕೊಯ್ದು ಪಾಲಿಶ್ ಮಾಡುವ ಫ್ಯಾಕ್ಟರಿ ಹಾಕಿತ್ತು. ಅಲ್ಲಿ ಮರಿಸ್ವಾಮಿ ಗೇಟಿನ ವಾಚ್‌ಮನ್. ಖಾಕಿ ಬಟ್ಟೆ, ಕೊರಳಲ್ಲಿ ಸೀಟಿ, ಕೈಯಲ್ಲಿ ಬೀಗದ ಕೈಗಳ ಗೊಂಚಲು. ಇಷ್ಟು ವರ್ಷದಲ್ಲಿ ಅವನ ಕಣ್ಣುತಪ್ಪಿಸಿ ಒಂದು ಕಲ್ಲಿನ ಚೂರೂ ಹೊರಗೆ ಹೋಗಿರಲಿಲ್ಲ. ಪಾಸು ಇಲ್ಲದ ಲಾರಿ ಬಂದರೆ ಬೇಡ ಅನ್ನುವ ಕೆಲಸವನ್ನು ಗೇಟೇ ಮಾಡುತ್ತಿತ್ತು. ಇವನು ತೆರೆಯದೆ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆ ಕೆಲಸ ಅವನಿಗೆ ಜೀವದ ಹಾಗೆ. ಜಮೀನು ಅಣ್ಣತಮ್ಮಂದಿರ ಪಾಲಾದ ಮೇಲೆ ಅವನನ್ನು ನಾಲ್ಕು ಜನರ ಮುಂದೆ ಮನುಷ್ಯನಾಗಿ ನಿಲ್ಲಿಸಿದ್ದು ಆ ಸೀಟಿ ಮತ್ತು ಆ ಖಾಕಿ.

ತೊಂಬತ್ತನಾಲ್ಕನೇ ಇಸವಿಯ ಒಂದು ಭಾನುವಾರ ಮಧ್ಯಾಹ್ನ, ಫ್ಯಾಕ್ಟರಿಗೆ ರಜಾ ಇದ್ದ ಹೊತ್ತಿನಲ್ಲಿ, ಗೇಟಿನ ಮುಂದೆ ಒಂದು ಖಾಲಿ ಟ್ರಾಕ್ಟರು ಬಂದು ನಿಂತಿತು. ಪಾಂಡವಪುರದ ಸಕ್ಕರೆ ಕಾರ್ಖಾನೆಗೆ ಕಬ್ಬು ಹಾಕಿ ಊರಿಗೆ ಹಿಂದಿರುಗುತ್ತಿದ್ದ ಟ್ರಾಕ್ಟರು. ಮೇಲಿಂದ ಇಳಿದವನು ಸಂತೆಬಾಚಹಳ್ಳಿಯ ಹೊನ್ನಪ್ಪ. ಹೊನ್ನಪ್ಪ ಅಂದರೆ ಯಾರೋ ಅಲ್ಲ, ಮರಿಸ್ವಾಮಿಯ ಬೀಗ. ಮಗಳು ಸುನಿತಾಳನ್ನು ಹಿಂದಿನ ವರ್ಷ ತಾನೇ ಹೊನ್ನಪ್ಪನ ಮಗ ಲೋಕೇಶನಿಗೆ ಕೊಟ್ಟಿದ್ದ.

ನಮ್ಮ ಕಡೆ ಹೆಣ್ಣು ಕೊಟ್ಟವನ ಪಾಡು ಗೊತ್ತಲ್ಲ. ಗಂಡಿನ ಕಡೆಯವರು ಕೂತರೆ ಇವನು ನಿಲ್ಲಬೇಕು, ಅವರು ನಿಂತರೆ ಇವನು ಓಡಬೇಕು. ಯಾರೂ ಬರೆದಿಟ್ಟ ಕಾನೂನಲ್ಲ ಇದು. ಆದರೂ ಬೀಗರ ಮುಖ ಬಾಡಿದರೆ ಮಗಳ ತಟ್ಟೆಯ ಮುದ್ದೆ ಬಿಸಿ ಆರುತ್ತದೆ ಅನ್ನುವುದು ಹೆತ್ತವರ ಹೊಟ್ಟೆಗೆ ತಾನಾಗಿ ತಿಳಿದಿರುತ್ತದೆ. ಹೊನ್ನಪ್ಪ ಕೆಟ್ಟವನಂತೂ ಅಲ್ಲ. ಸೊಸೆಯನ್ನು ಮಗಳ ಹಾಗೇ ನೋಡಿಕೊಳ್ಳುತ್ತಿದ್ದ. ಅದರಿಂದ ಕಷ್ಟ ಇನ್ನೂ ಹೆಚ್ಚಾಯಿತು. ಕೆಟ್ಟವನಾಗಿದ್ದರೆ ಒಂದು ಮಾತು ಅಂದುಬಿಡಬಹುದಿತ್ತೇನೋ.

“ಏನ್ ಬೀಗ್ರೆ, ಚೆಂದಾಗಿದ್ದೀರಾ?” ಅಂದ ಹೊನ್ನಪ್ಪ. “ಏನಿಲ್ಲ, ಬಚ್ಚಲಿಗೆ ಒಂದು ಚಪ್ಪಡಿ ಬೇಕಾಗಿತ್ತು. ನಿಮ್ಮ ಮಗಳೇ ಕೆಸರಾಗ್ತದೆ ಮಾವ ಅಂತಿತ್ತು. ಅಲ್ಲಿ ಮೂಲೇಲಿ ಒಡೆದಿರೋವು ಬಿದ್ದವಲ್ಲ, ಒಂದ ಏರ್ಸ್ಕೊಂಡು ಹೋಯ್ತೀನಿ.”

ಒಡೆದ ಚೂರುಗಳನ್ನು ಊರಿನವರಿಗೆ ಕೊಡುವ ವಾಡಿಕೆ ಇತ್ತು, ಮ್ಯಾನೇಜರೂ ಅಡ್ಡಿಮಾಡುತ್ತಿರಲಿಲ್ಲ. ಮರಿಸ್ವಾಮಿ ಗೇಟು ತೆಗೆದ. ಟ್ರಾಕ್ಟರಿನ ಹಿಂದೆ ಕೂತಿದ್ದ ಆಳುಗಳು ಒಳಕ್ಕೆ ಹೋದರು. ಬೀಗರಿಗೆ ಎಳನೀರು ಕೆತ್ತಿಸಿ ತರಲು ಮರಿಸ್ವಾಮಿ ರಸ್ತೆಯಾಚೆಗೆ ಓಡಿದ. ತಿರುಗಿ ಬಂದು ನೋಡಿದರೆ ಟ್ರೈಲರಿನಲ್ಲಿ ಮಲಗಿದ್ದುದು ಒಡೆದ ಚೂರಲ್ಲ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಇಡೀ ಚಪ್ಪಡಿ. ಅದರ ಮೂಲೆಯಲ್ಲಿ ಕೆಂಪು ಬಣ್ಣದ ಗುರುತು. ಹೊರದೇಶದ ಗಿರಾಕಿಗೆ ತೋರಿಸಲು ಮ್ಯಾನೇಜರು ಬೇರೆಯಾಗಿ ಎತ್ತಿಡಿಸಿದ್ದ ಕಲ್ಲು ಅದು.

“ಒಡೆದಿರೋದಕ್ಕೆ ಮೂಲೆ ಚೂಪಾಗವೆ ಬೀಗ್ರೆ, ಮಗ ಕಾಲ್ಗೀಲು ಕುಯ್ಕೊಂಡಾತು. ಅದ್ಕೆ ಇದ್ನೇ ತಕ್ಕಂಡೆ” ಅಂದ ಹೊನ್ನಪ್ಪ, ಎಳನೀರು ಹೀರುತ್ತಾ. ಮಗ ಅಂದರೆ ಸುನಿತಾ.

‘ಅದೊಂದು ಬೇಡಿ ಬೀಗ್ರೆ, ಇಳಿಸಿಬಿಡಿ.’ ಇಷ್ಟೇ ಮಾತು. ಮರಿಸ್ವಾಮಿಯ ನಾಲಿಗೆ ತುದಿಯವರೆಗೂ ಬಂತು. ಆಳುಗಳು ನೋಡುತ್ತಿದ್ದರು. ಅವರ ಎದುರಿಗೆ ಬೀಗರ ಕೈಯಿಂದ ಕಲ್ಲು ಇಳಿಸುವುದು ಹೇಗೆ? ಎಳನೀರಿನ ಬುರುಡೆ ಎಸೆದು ಹೊನ್ನಪ್ಪ ಟ್ರಾಕ್ಟರು ಹತ್ತಿದ. ಮರಿಸ್ವಾಮಿ ಕೈಮುಗಿದು, ತಾನೇ ಗೇಟನ್ನು ಇನ್ನಷ್ಟು ಅಗಲವಾಗಿ ತೆಗೆದ.

ಮಾರನೆಯ ದಿನ ಮ್ಯಾನೇಜರು ಕಲ್ಲು ಹುಡುಕುವುದಕ್ಕೆ ಮೊದಲೇ ಮರಿಸ್ವಾಮಿ ಹೋಗಿ ನಡೆದದ್ದನ್ನು ಹೇಳಿದ. ಸುದ್ದಿ ಬೊಂಬಾಯಿಗೆ ಹೋಯಿತು. ಹೆಡ್ಡಾಫೀಸಿನಿಂದ ದಸ್ತೂರ್ ಅನ್ನುವ ಹಿರಿಯ ಅಧಿಕಾರಿ ವಿಚಾರಣೆಗೆ ಬಂದರು. ಅವರಿಗೆ ಕನ್ನಡ ಬಾರದು, ಮರಿಸ್ವಾಮಿಗೆ ಇಂಗ್ಲಿಷು ಬಾರದು. “ನಿನ್ನ ಪರವಾಗಿ ಮಾತಾಡೋಕೆ ಇಂಗ್ಲಿಷ್ ಬಲ್ಲವರನ್ನು ಕರ್ಕೊಂಡು ಬಾ” ಎಂದು ಮ್ಯಾನೇಜರು ಹೇಳಿದ್ದರಿಂದ ಮರಿಸ್ವಾಮಿ ಪಾಂಡವಪುರದ ರಘುನಂದನ್ ಮೇಷ್ಟರ ಹತ್ತಿರ ಹೋದ.

ರಘುನಂದನ್ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಸೈಕಲ್ ಶಾಪಿನ ಮಹಡಿಯಲ್ಲಿ, ಎಸ್ಸೆಸ್ಸೆಲ್ಸಿ ಫೇಲಾದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಸುನಿತಾ ಪಾಸಾಗಿದ್ದು ಅವರಿಂದಲೇ. ಇನ್ನೂ ಮದುವೆಯಾಗಿರದ, ಮೀಸೆ ಚಿಗುರಿದ ವಯಸ್ಸಿನಿಂದ ಇಂಗ್ಲಿಷನ್ನೇ ಕಟ್ಟಿಕೊಂಡಿದ್ದ ಪ್ರಾಣಿ. “ಮನುಷ್ಯ ಯೋಚಿಸಿದ ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಒಂದು ಪದ ಇದ್ದೇ ಇದೆ, ನಾವು ಹುಡುಕಬೇಕು ಅಷ್ಟೆ” ಎಂದು ಮಕ್ಕಳಿಗೆ ಹೇಳುತ್ತಿದ್ದರು. ಮರಿಸ್ವಾಮಿಯ ಕತೆ ಕೇಳಿದ ಕೂಡಲೇ ಕ್ಲಾಸು ಬಿಟ್ಟು ಲೂನಾ ಹತ್ತಿ ಹೊರಟುಬಂದರು.

ಮೊದಲ ದಿನದ ವಿಚಾರಣೆ ಸರಾಗವಾಗಿಯೇ ನಡೆಯಿತು. ಮರಿಸ್ವಾಮಿ ಒಂದು ಮಾತು ಆಡುವುದು, ರಘುನಂದನ್ ಅದನ್ನು ಇಂಗ್ಲಿಷಿಗೆ ತಿರುಗಿಸುವುದು. ದಸ್ತೂರ್ ಸಾಹೇಬರು ಗಟ್ಟಿ ಮನುಷ್ಯರಾದರೂ ಕಟುಕರಲ್ಲ. ಕಣ್ಣು ಮುಚ್ಚಿ ಕೇಳುತ್ತಾ ಹೋದರು. ಕೊನೆಗೆ, ಇಡೀ ಚಪ್ಪಡಿ ಕಣ್ಣಿಗೆ ಕಂಡ ಮೇಲೂ ಯಾಕೆ ಬಿಟ್ಟೆ ಎಂದು ಕೇಳಿದರು.

“ದಾಕ್ಸಿಣ್ಯಕ್ಕೆ ಬುಟ್ಟೆ ಸಾ” ಅಂದ ಮರಿಸ್ವಾಮಿ.

ರಘುನಂದನ್ ಬಾಯಿ ತೆರೆದರು. ಅರ್ಧ ವಾಕ್ಯ ಹೊರಗೆ ಬಂತು, ಉಳಿದರ್ಧ ಬರಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿ ಹೆಣ್ಣು ಕೊಡುವುದು, ಬೀಗತನ, ಎಳನೀರು, ಆಳುಗಳು ನೋಡುತ್ತಿದ್ದುದು ಎಲ್ಲವನ್ನೂ ವಿವರಿಸಿದರು. ದಸ್ತೂರ್ ಕೈ ಎತ್ತಿ ನಿಲ್ಲಿಸಿದರು. “ನಿದ್ದೆ ಮಾಡಿದ್ದನೇ? ನೋಡದೆ ಬಿಟ್ಟನೇ?” ಹಾಗೆಂದು ಒಪ್ಪಿಕೊಂಡಿದ್ದರೆ ಒಂದಿಷ್ಟು ದಂಡ ಹಾಕಿ ಬಿಡುತ್ತಿದ್ದರೇನೋ. ಆ ಒಂದು ಪ್ರಶ್ನೆಗೆ ಮಾತ್ರ ಮರಿಸ್ವಾಮಿಗೆ ಇಲ್ಲ ಅನ್ನಲು ಬಂತು. “ನಿದ್ದೆ ಮಾಡಿಲ್ಲ ಸಾ. ಕಣ್ಣಾರೆ ನೋಡ್ದೆ. ನೋಡ್ಕೊಂಡೇ ಬುಟ್ಟೆ.”

ದಸ್ತೂರ್ ಎದ್ದರು. ಬೆಂಗಳೂರಿನಲ್ಲಿ ಬೇರೆ ಕೆಲಸವಿತ್ತು, ಬರುವ ಸೋಮವಾರ ಮತ್ತೆ ಬರುತ್ತೇನೆ ಎಂದರು. ಅಷ್ಟರಲ್ಲಿ ಕಲ್ಲು ಹಿಂದಕ್ಕೆ ಬಂದಿದ್ದರೆ ವಿಷಯ ಅಲ್ಲಿಗೇ ಮುಗಿಯಿತು. ಬರದಿದ್ದರೆ, ಯಾಕೆ ಬಿಟ್ಟ ಅನ್ನುವುದು ತಮಗೆ ಅರ್ಥವಾಗಬೇಕು. ಬೊಂಬಾಯಿಯಲ್ಲಿ ಕೂತವರಿಗೆ ಹೇಳಲು ಈ ಹರಿಕತೆಯೆಲ್ಲ ಆಗುವುದಿಲ್ಲ, ಒಂದು ಪದ ಬೇಕು. ಅರ್ಥವಾದರೆ ಕೆಲಸ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

“ಒಂದು ಪದ ತಾನೆ? ತರ್ತೀನಿ” ಅಂದರು ರಘುನಂದನ್.

ಅವರು ಪದ ಹುಡುಕಲು ಹೋದರು, ಮರಿಸ್ವಾಮಿ ಕಲ್ಲು ಕೇಳಲು ಹೋದ. ಪಾರ್ವತಮ್ಮ ಬಾಗಿಲವರೆಗೂ ಬಂದು, “ನೀರು ಕುಡಿಯಕ್ಕೆ ಮುಂಚೆ ಕೇಳ್ಬುಡು. ಉಂಡ್ಮೇಲೆ ನಿನ್ ಬಾಯಿ ಏಳದಿಲ್ಲ” ಎಂದು ಹೇಳಿ ಕಳಿಸಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಆ ಮಾತನ್ನೇ ಹೇಳಿಕೊಳ್ಳುತ್ತಿದ್ದ. ‘ಬೀಗ್ರೆ, ತಪ್ಪು ತಿಳ್ಕಬ್ಯಾಡಿ, ಆ ಕಲ್ಲು ವಾಪಸ್ ಬೇಕಾಗದೆ.’

ಸಂತೆಬಾಚಹಳ್ಳಿಯಲ್ಲಿ ಬೀಗರು ಬಂದರೆಂದು ಹೊನ್ನಪ್ಪ ಜಗಲಿಯಿಂದ ಇಳಿದು ಬಂದ. “ಬನ್ನಿ ಬನ್ನಿ, ಕಾಲು ತೊಳ್ಕಳಿ ಮೊದ್ಲು” ಎಂದು ಕೈಹಿಡಿದು ಬಚ್ಚಲಿಗೇ ಕರೆದುಕೊಂಡು ಹೋದ. ಅಲ್ಲಿ ಆ ಚಪ್ಪಡಿ ಸಿಮೆಂಟಿನಲ್ಲಿ ಭದ್ರವಾಗಿ ಕೂತಿತ್ತು. ಹಂಡೆಯ ಬಿಸಿನೀರು ಮೊಗೆದು ತಂದ ಸುನಿತಾ ಅಪ್ಪನ ಕಾಲಿಗೆ ಹುಯ್ದಳು. ಯಾವ ಕಲ್ಲಿಗಾಗಿ ಬಂದಿದ್ದನೋ ಅದರ ಮೇಲೇ ನಿಂತು ಮರಿಸ್ವಾಮಿ ಕಾಲು ತೊಳೆದುಕೊಂಡ. ಕೆಂಪು ಗುರುತು ಅವನ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು.

“ನೋಡಿ ಬೀಗ್ರೆ, ನಿಮ್ಮ ಹೆಸ್ರು ಹೇಳ್ಕೊಂಡು ಸ್ನಾನ ಮಾಡ್ತೀವಿ” ಎಂದು ಹೊನ್ನಪ್ಪ ನಕ್ಕ. ನಾಟಿಕೋಳಿ ಕುಯ್ಯಿಸಿದ. ಮುದ್ದೆಯ ಮೇಲೆ ಮುದ್ದೆ ಬಿತ್ತು. ಮರಿಸ್ವಾಮಿ ಎರಡು ಸಲ “ಬೀಗ್ರೆ” ಅಂದ. ಎರಡು ಸಲವೂ ಹೊನ್ನಪ್ಪ “ಏನು, ಸಾರಾ?” ಎಂದು ಇನ್ನಷ್ಟು ಸಾರು ಬಿಡಿಸಿದ. ಬಸ್ಸಿಗೆ ಬಿಡಲು ಬಂದ ಸುನಿತಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

“ಅಪ್ಪಾ, ಏನೋ ಹೇಳಕ್ಕೆ ಬಂದಿದ್ದೆ ಅಲ್ವಾ?”

“ಏನಿಲ್ಲ ಕಣವ್ವ. ನಿನ್ನ ನೋಡಿ ಬಾಳ ದಿವ್ಸ ಆಗಿತ್ತು” ಅಂದ. ಅವಳಿಗೆ ಹೇಳಿದ್ದರೆ ಅವಳು ಮಾವನಿಗೆ ಹೇಳುತ್ತಿದ್ದಳು, ಹೊನ್ನಪ್ಪ ಅದೇ ಕ್ಷಣ ಹಾರೆ ಹಾಕಿ ಕಲ್ಲು ಕಿತ್ತು ಕಳಿಸುತ್ತಿದ್ದ. ಆಮೇಲೆ ಆ ಬಚ್ಚಲಿನ ಕೆಸರಿನಲ್ಲಿ ದಿನಾ ನಿಲ್ಲಬೇಕಾದವಳು ಅವಳು.

ಮನೆಗೆ ಬಂದಾಗ ಪಾರ್ವತಮ್ಮ ಕೇಳಲೇ ಇಲ್ಲ, ಅವನ ಮುಖದಲ್ಲೇ ಎಲ್ಲ ಕಂಡಿತು. “ದಾಕ್ಸಿಣ್ಯಕ್ಕೆ ಬಸ್ರಾದ್ರೆ ಹೆರಕ್ಕೆ ತಾವಿಲ್ಲ ಅಂತ ಗಾದೆ ಮಾಡೋರು ನಿನ್ನ ನೋಡೇ ಮಾಡವ್ರೆ” ಎಂದು ಒಳಗೆ ಹೋದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.

ಇನ್ನು ಉಳಿದದ್ದು ಪದ ಒಂದೇ. ರಘುನಂದನ್ ಪ್ರತಿದಿನ ಸಂಜೆ ಲೂನಾದಲ್ಲಿ ಬಂದು ಒಂದೊಂದು ಪದ ಇಳಿಸಿ ಹೋಗುತ್ತಿದ್ದರು. ಮೊದಲು ‘ರೆಸ್ಪೆಕ್ಟ್’ ತಂದರು.

“ಅಂದ್ರೆ ಗೌರವ” ಅಂದರು.

“ಗೌರ್ವ ದೇವ್ರಿಗೂ ಕೊಡ್ತೀವಿ ಮೇಷ್ಟ್ರೆ. ದೇವ್ರು ಬಂದು ಕಲ್ಲು ಕೇಳಿದ್ರೆ ಪಾಸ್ ತತ್ತಾ ಅಂತಿದ್ದೆ.”

ಮಾರನೆಯ ಸಂಜೆ ನಿಘಂಟು ನೋಡಿ ‘ಕರ್ಟಸಿ’ ತಂದರು. ಬಂದವರನ್ನು ಕೂರಿಸಿ ನೀರು ಕೊಡುವ ಮರ್ಯಾದೆ ಎಂದು ತಾವೇ ಅರ್ಥ ಹೇಳಿ, ತಾವೇ ತಲೆಯಾಡಿಸಿದರು. ಮರ್ಯಾದೆಗೆ ಎಳನೀರು ಕೊಡಬಹುದು, ಕಂಪನಿಯ ಕಲ್ಲು ಕೊಡುತ್ತಾರೆಯೇ? ಆಮೇಲೆ ‘ಫಿಯರ್’ ಬಂತು. ಅದಕ್ಕೆ ಪಾರ್ವತಮ್ಮನೇ ಒಳಗಿನಿಂದ ಅಂದಳು: “ಎದ್ರಿಕೆ ಅಂದ್ರೆ ಬೀಗ್ರು ಒಡಿಯಕ್ಕೆ ಬಂದಿದ್ರಾ ಅಂತ ಕೇಳಕ್ಕಿಲ್ವಾ?” ನಾಚಿಕೆ, ಕರುಣೆ, ಪ್ರೀತಿ, ಸಂಕೋಚ ಎಲ್ಲದರ ಇಂಗ್ಲಿಷೂ ಆ ಜಗಲಿಗೆ ಬಂದುಹೋಯಿತು. ಎಲ್ಲದರಲ್ಲೂ ದಾಕ್ಷಿಣ್ಯ ಒಂದಿಷ್ಟಿತ್ತು, ಯಾವುದರಲ್ಲೂ ಪೂರ್ತಿ ಇರಲಿಲ್ಲ.

ರಘುನಂದನ್ ಸೊರಗಿಹೋದರು. ಮೈಸೂರಿಗೆ ಹೋಗಿ ಲೈಬ್ರರಿಯಲ್ಲಿ ಕೂತರು. ತಮಗೆ ಪಾಠ ಹೇಳಿದ್ದ ಪ್ರೊಫೆಸರರನ್ನು ಕೇಳಿದರು. ಕ್ಲಾಸು ತಪ್ಪಿದ್ದಕ್ಕೆ ಮಕ್ಕಳ ತಂದೆತಾಯಿ ಬೈದರು. ಮರಿಸ್ವಾಮಿ ಒಂದು ಗೊನೆ ಬಾಳೆಕಾಯಿ ಕೊಡಲು ಹೋದರೆ ಅದನ್ನೂ ಮುಟ್ಟಲಿಲ್ಲ. ಅವರ ಕೆಂಪು ಕಣ್ಣು ನೋಡಿದಾಗಲೆಲ್ಲ ಮರಿಸ್ವಾಮಿಗೆ ಕೆಲಸಕ್ಕಿಂತ ಇವರದೇ ಚಿಂತೆ ಹತ್ತಿತು. ತನ್ನ ಒಂದು ಮಾತಿಗಾಗಿ ಈ ಹುಡುಗ ಊಟ ನಿದ್ದೆ ಬಿಟ್ಟಿದ್ದಾನಲ್ಲ ಎಂದು ಒಳಗೊಳಗೇ ಕುಗ್ಗಿದ.

ಸೋಮವಾರ ಬೆಳಿಗ್ಗೆ ಫ್ಯಾಕ್ಟರಿಯ ಬೇವಿನಮರದ ಕೆಳಗೆ ರಘುನಂದನ್ ಕಾಯುತ್ತಿದ್ದರು. ಮುಖದಲ್ಲಿ ಗೆದ್ದ ಕಳೆ.

“ಸಿಕ್ತು ಮರಿಸ್ವಾಮಣ್ಣ. ‘ಆಬ್ಲಿಗೇಶನ್’. ಒಬ್ಬರಿಂದ ಉಪಕಾರ ಆಗಿರುತ್ತೆ, ಆ ಹಂಗಿನಲ್ಲಿ ನಾವು ಇಲ್ಲ ಅನ್ನೋಕಾಗಲ್ಲ. ನಮ್ಮ ಪ್ರೊಫೆಸರ್ರೂ ಇದೇ ಅಂದ್ರು.”

ಮರಿಸ್ವಾಮಿ ಆ ಪದವನ್ನು ಮನಸ್ಸಿನಲ್ಲಿ ಒಂದು ಸಲ ತಿರುಗಿಸಿ ನೋಡಿದ. ಹಂಗು. ಹೊನ್ನಪ್ಪನಿಂದ ಅವನು ಏನು ತೆಗೆದುಕೊಂಡಿದ್ದ? ಏನೂ ಇಲ್ಲ. ಹಂಗಿಗೆ ಲೆಕ್ಕ ಉಂಟು, ತೀರಿಸಿದರೆ ತೀರುತ್ತದೆ. ದಾಕ್ಷಿಣ್ಯ ಹಾಗಲ್ಲ, ಅದು ಏನೂ ತೆಗೆದುಕೊಳ್ಳದಿದ್ದರೂ ಬರುತ್ತದೆ. ಇದನ್ನು ಹೀಗೆ ಬಿಡಿಸಿ ಹೇಳಲು ಅವನಿಗೆ ಬರಲಿಲ್ಲ. ಆದರೆ ಪದ ಇದಲ್ಲ ಅನ್ನುವುದು, ಬೇರೆಯವರ ಚಪ್ಪಲಿ ಮೆಟ್ಟಿದ ಕೂಡಲೇ ಕಾಲಿಗೆ ತಿಳಿಯುವಂತೆ, ತಿಳಿಯಿತು.

“ನಾನು ಅವ್ರಿಂದ ಏನೂ ಈಸ್ಕೊಂಡಿಲ್ವಲ್ಲ ಮೇಷ್ಟ್ರೆ” ಅಂದ ಮೆಲ್ಲಗೆ.

ರಘುನಂದನರ ಮುಖದ ಕಳೆ ಇಳಿಯಿತು. “ಇದಕ್ಕಿಂತ ಹತ್ತಿರದ್ದು ಇಲ್ಲ ಮರಿಸ್ವಾಮಣ್ಣ. ಎಲ್ಲಾ ಹುಡುಕಿದೆ. ನಿಜವಾಗಿ ಎಲ್ಲಾ ಹುಡುಕಿದೆ.”

“ಅಂಗಾರೆ ಅದೇ ಸರಿ ಬುಡಿ” ಅಂದ ಮರಿಸ್ವಾಮಿ.

ಒಳಗೆ ದಸ್ತೂರ್ ಸಾಹೇಬರು ಕಲ್ಲು ಬರಲಿಲ್ಲವೆಂದು ತಿಳಿದು, ಪದ ಕೇಳಿದರು. ರಘುನಂದನ್ ಎದ್ದು ನಿಂತು ಸ್ಪಷ್ಟವಾಗಿ ಹೇಳಿದರು. ದಸ್ತೂರ್ ಹುಬ್ಬು ಗಂಟಿಕ್ಕಿದರು. ಇದು ಅವರಿಗೆ ಚೆನ್ನಾಗಿ ಗೊತ್ತಿದ್ದ ಪದ. ಮುಂದಿನ ಪ್ರಶ್ನೆ ಬಂದಾಗ ರಘುನಂದನರ ದನಿ ತಗ್ಗಿತು.

“ಅವರು ನಿಮಗೆ ಏನು ಕೊಟ್ಟಿದ್ರು ಅಂತ ಕೇಳ್ತಿದ್ದಾರೆ.”

“ಏನೂ ಕೊಟ್ಟಿಲ್ಲ. ನಾನೇ ಕೊಟ್ಟಿದ್ದು.”

“ನೀವು ಏನು ಕೊಟ್ಟಿದ್ದು ಅಂತಿದ್ದಾರೆ.”

“ಮಗಳ್ನ.”

ರಘುನಂದನ್ ಅದನ್ನು ತಿರುಗಿಸಿ ಹೇಳಿದರು. ದಸ್ತೂರ್ ಪೆನ್ನು ಕೆಳಗಿಟ್ಟರು. ಅವರಿಗೆ ತಲೆಬುಡ ಹತ್ತಲಿಲ್ಲ. ಮಗಳನ್ನು ಕೊಟ್ಟವನು ಇವನಾದರೆ ಹಂಗು ಆ ಕಡೆಗೆ ತಾನೆ ಇರಬೇಕು? ಇವನಿಗೆ ಬೇರೇನೋ ಸಿಕ್ಕಿರಬೇಕು, ಮುಚ್ಚಿಡುತ್ತಿದ್ದಾನೆ. ಆದರೂ ನ್ಯಾಯವಂತ ಮನುಷ್ಯ ಅವರು. ಕೊನೆಯದಾಗಿ ಒಂದು ಅವಕಾಶ ಕೊಟ್ಟರು. ಇದು ಅವನ ಮನಸ್ಸಿನ ಮಾತೇ? ಪದ ತಪ್ಪಿದ್ದರೆ ಈಗಲೇ ಹೇಳಲಿ, ಇನ್ನೊಂದು ದಿನ ಕಾಯುತ್ತೇನೆ.

ರಘುನಂದನ್ ಇದನ್ನು ಕನ್ನಡದಲ್ಲಿ ಹೇಳಿ, ಮರಿಸ್ವಾಮಿಯ ಕಡೆ ತಿರುಗಿದರು. ಅವರ ಕಣ್ಣು ಇನ್ನೂ ಕೆಂಪಗಿತ್ತು. ಮ್ಯಾನೇಜರು, ಗುಮಾಸ್ತರು, ಸಾಹೇಬರು, ಎಲ್ಲರೂ ನೋಡುತ್ತಿದ್ದರು.

“ಊ ಸಾ. ಅದೇ ಪದ” ಅಂದ ಮರಿಸ್ವಾಮಿ.

ಸೀಟಿ, ಬೀಗದ ಕೈಗಳನ್ನು ಮ್ಯಾನೇಜರ ಮೇಜಿನ ಮೇಲಿಟ್ಟು ಹೊರಗೆ ಬಂದದ್ದಾಯಿತು. ಖಾಕಿ ಬಟ್ಟೆ ಒಗೆದು ತಂದುಕೊಡಬೇಕಂತೆ. ಇಬ್ಬರೂ ಬೇವಿನಮರದ ಹತ್ತಿರ ಬಂದರು. ಅಲ್ಲಿ ರಘುನಂದನ್ ನಿಂತುಬಿಟ್ಟರು.

“ಮರಿಸ್ವಾಮಣ್ಣ, ಆ ಪದ ಸರಿಯಿಲ್ಲ ಅಂತ ನಿಮಗೆ ಗೊತ್ತಿತ್ತಾ?”

“ಊ ಮೇಷ್ಟ್ರೆ.”

“ಮತ್ತೆ? ತಪ್ಪಿದ್ರೆ ಹೇಳು ಅಂತ ಅವರೇ ಕೇಳಿದ್ರಲ್ಲ. ಯಾಕೆ ಹೇಳಲಿಲ್ಲ?”

ಮರಿಸ್ವಾಮಿ ನೆಲ ನೋಡಿದ. “ಒಂದ್ವಾರ ನಿದ್ದೆಗೆಟ್ಟು ಉಡುಕಿ ತಂದಿದ್ರಿ. ಅಷ್ಟ್ ಜನದ ಮುಂದೆ, ನಿಮ್ ಪಕ್ಕದಾಗೆ ನಿಂತ್ಕೊಂಡು, ಅದಲ್ಲ ಅಂತ ಎಂಗೆ ಅನ್ಲಿ?”

ರಘುನಂದನ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ವಾರವೆಲ್ಲ ಪುಸ್ತಕಗಳಲ್ಲಿ ಹುಡುಕಿದ್ದು ಈಗ ಕಣ್ಣೆದುರಿಗೆ ಬರಿಗಾಲಲ್ಲಿ ನಿಂತಿತ್ತು. ತಿರುಗಿ ಆಫೀಸಿನ ಕಡೆ ಓಡಿದರು. ದಸ್ತೂರ್ ಸಾಹೇಬರ ಕಾರು ಆಗಲೇ ಗೇಟು ದಾಟಿ, ಪಾಂಡವಪುರದ ರಸ್ತೆಯಲ್ಲಿ ಧೂಳೆಬ್ಬಿಸಿಕೊಂಡು ಹೋಗುತ್ತಿತ್ತು. ಸಿಕ್ಕಿದ್ದರೂ ಏನೆಂದು ಹೇಳುತ್ತಿದ್ದರೋ. ಅರ್ಥ ಪೂರ್ತಿ ಗೊತ್ತಾಗಿತ್ತು, ಪದ ಈಗಲೂ ಇರಲಿಲ್ಲ. ತಮ್ಮಿಂದಲೇ ಈ ಮನುಷ್ಯನ ಅನ್ನ ಹೋಯಿತು ಅನ್ನುವುದು ಮಾತ್ರ ಅವರಿಗೆ ಎರಡೂ ಭಾಷೆಯಲ್ಲಿ ತಿಳಿದಿತ್ತು.

ಮರಿಸ್ವಾಮಿ ಹಿಂದೆಯೇ ಬಂದು ಅವರ ಲೂನಾದ ಸೀಟನ್ನು ಕೈಯಿಂದ ಒರೆಸಿದ. “ಬುಡಿ ಮೇಷ್ಟ್ರೆ. ನಿಮ್ದೇನೂ ತಪ್ಪಿಲ್ಲ. ನಡೀರಿ ಮನೆಗೆ, ಉಂಡ್ಕೊಂಡು ಹೋಗೀರಂತೆ. ನಿಮ್ಗೆ ಅಂತ ಅವಳು ಬೆಳಿಗ್ಗೆಯೇ ಉಪ್ಸಾರು ಮಾಡವ್ಳೆ.”

ರಘುನಂದನರಿಗೆ ಒಂದು ತುತ್ತೂ ಇಳಿಯುವ ಹಾಗಿರಲಿಲ್ಲ. ಪಾರ್ವತಮ್ಮನಿಗೆ ಮುಖ ತೋರಿಸುವ ಧೈರ್ಯವೂ ಇರಲಿಲ್ಲ. ಬೇಡ ಅನ್ನೋಣವೆಂದು ಬಾಯಿ ತೆರೆದರು. ಮರಿಸ್ವಾಮಿ ಅವರ ಮುಖವನ್ನೇ ನೋಡುತ್ತಾ ನಿಂತಿದ್ದ. ರಘುನಂದನ್ ಲೂನಾ ಸ್ಟಾರ್ಟ್ ಮಾಡಿದರು. ಅವನನ್ನು ಹಿಂದೆ ಕೂರಿಸಿಕೊಂಡು ಹೋದರು, ಚಾಪೆಯ ಮೇಲೆ ಕೂತರು, ಪಾರ್ವತಮ್ಮ ಬಡಿಸಿದ್ದನ್ನೆಲ್ಲ ತಲೆ ಎತ್ತದೆ ಉಂಡರು.